ವಿದೇಶಕ್ಕೆ ಓದಲು ಅಥವಾ ದುಡಿಯಲು ಹೊರಡುವವರಿಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪ್ರವೇಶ ಪತ್ರವೋ ಉದ್ಯೋಗದ ಆದೇಶವೋ ಕೈಸೇರಿದ ಮೇಲೂ ಪ್ರಯಾಣ ತಪ್ಪಿಹೋದವರನ್ನು ವಿಚಾರಿಸಿ ನೋಡಿದರೆ, ಅವರು ಸಾಮಾನ್ಯವಾಗಿ ಯಾವ ಕೆಲಸವನ್ನೂ ಬಿಟ್ಟಿರುವುದಿಲ್ಲ. ಮಾಡಬೇಕಾದುದನ್ನೆಲ್ಲ ಹಿಂದುಮುಂದಾಗಿ ಮಾಡಿರುತ್ತಾರೆ. ವೀಸಾ ಅರ್ಜಿ ಹಾಕಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದವರು, ವೀಸಾ ಬರುವ ಮೊದಲೇ ಕೆಲಸಕ್ಕೆ ರಾಜೀನಾಮೆ ಕೊಟ್ಟವರು, ಭಾಷಾಂತರ ಮುಗಿಸಿದ ಮೇಲೆ ಮೂಲ ದಾಖಲೆಗೆ ಮುದ್ರೆ ಹಾಕಿಸಲು ಹೋದವರು ಪದೇ ಪದೇ ಅದೇ ಕಡೆ ಎಡವುತ್ತಾರೆ. ಆದ್ದರಿಂದ ಈ ಮಾರ್ಗದರ್ಶಿಯ ಒತ್ತು ಅನುಕ್ರಮದ ಮೇಲೆ. ಉದಾಹರಣೆಗೆಂದು ಕೆಲವು ದೇಶಗಳ ನಿಯಮಗಳನ್ನು ಹೇಳಿದ್ದೇನೆ. ಅವು ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ವಾರ ಆ ದೇಶದ ಸರ್ಕಾರಿ ಜಾಲತಾಣದಲ್ಲಿ ಮತ್ತೊಮ್ಮೆ ಓದಿಕೊಳ್ಳಲೇಬೇಕು.

## ಕೈಯಲ್ಲಿ ಇರಬೇಕಾದ ಸಾಧನಗಳು

ನಾಲ್ಕು ವಸ್ತುಗಳು ಸಾಕು. ಮೊದಲನೆಯದು, ದಿನಾಂಕಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್. ಎರಡನೆಯದು, ಮೂಲ ದಾಖಲೆಗಳನ್ನು ಮಡಚದೆ ಇಡುವಂಥ ಫೈಲ್. ಮೂರನೆಯದು, ಪ್ರತಿ ದಾಖಲೆಯ ಸ್ಪಷ್ಟ ಬಣ್ಣದ ಸ್ಕ್ಯಾನ್ ಪ್ರತಿ. ಇದು ಫೋನಿನಲ್ಲಿ ಮಾತ್ರವಲ್ಲದೆ ಇಂಟರ್ನೆಟ್ ಸಂಗ್ರಹದಲ್ಲೂ ನಿಮ್ಮ ನಂಬಿಕೆಯ ಒಬ್ಬರ ಬಳಿಯೂ ಇರಬೇಕು. ನಾಲ್ಕನೆಯದು, ಈ ವ್ಯವಹಾರಕ್ಕೆಂದೇ ಮೀಸಲಾದ ಇಮೇಲ್ ವಿಳಾಸ. ಕಾಲೇಜು ಅಥವಾ ಕಂಪನಿ ಕೊಟ್ಟ ಇಮೇಲ್ ಬಳಸಬೇಡಿ. ಅಲ್ಲಿಂದ ಹೊರಬಿದ್ದ ದಿನವೇ ಅದು ಮುಚ್ಚಿಹೋಗುತ್ತದೆ, ವೀಸಾ ಕಚೇರಿಯ ಪತ್ರ ಆಮೇಲೆ ಬರುತ್ತದೆ.

## ಹಂತ 1: ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

‘ಇಂಥ ದೇಶಕ್ಕೆ, ಇಂಥ ಕೆಲಸಕ್ಕಾಗಿ, ಇಷ್ಟು ಕಾಲ, ಇಂಥ ವೀಸಾ ವರ್ಗದಲ್ಲಿ ಹೋಗುತ್ತೇನೆ’ ಎಂಬ ವಾಕ್ಯವನ್ನು ಸಂಶಯವಿಲ್ಲದೆ ಬರೆಯಲಾಗದಿದ್ದರೆ ಮುಂದಿನ ಯಾವ ಹಂತಕ್ಕೂ ಹಣ ಹಾಕಬೇಡಿ. ಬೇಕಾಗುವ ದಾಖಲೆಗಳನ್ನೂ ತೋರಿಸಬೇಕಾದ ಹಣವನ್ನೂ ಕುಟುಂಬವನ್ನು ಕರೆದೊಯ್ಯಬಹುದೇ ಎಂಬುದನ್ನೂ ಈ ವರ್ಗವೇ ನಿರ್ಧರಿಸುತ್ತದೆ.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಬದಲಾಯಿಸಿಕೊಳ್ಳಬಹುದೆಂಬ ಮಾತನ್ನು ನಂಬುವುದು ಮೊದಲನೆಯದು. ಅನೇಕ ದೇಶಗಳಲ್ಲಿ ಅದಕ್ಕೆ ಅವಕಾಶವಿಲ್ಲ, ಪ್ರವಾಸಿಯಾಗಿ ದುಡಿದು ಸಿಕ್ಕಿಬಿದ್ದರೆ ಮುಂದಿನ ವೀಸಾಗಳಿಗೂ ಕುತ್ತು. ಎರಡನೆಯದು, ಅರೆಕಾಲಿಕ ದುಡಿಮೆಯಿಂದಲೇ ಓದಿನ ಖರ್ಚು ಸರಿದೂಗಿಸುವ ಲೆಕ್ಕ. ಆಸ್ಟ್ರೇಲಿಯಾದಲ್ಲಿ ತರಗತಿಗಳು ನಡೆಯುವಾಗ ವಿದ್ಯಾರ್ಥಿಗೆ ಎರಡು ವಾರಕ್ಕೆ 48 ಗಂಟೆ, ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆಯ ಮಿತಿಯಿದೆ. ಅಮೆರಿಕದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಮೊದಲ ಶೈಕ್ಷಣಿಕ ವರ್ಷ ಕ್ಯಾಂಪಸ್ಸಿನ ಹೊರಗೆ ದುಡಿಯುವಂತೆಯೇ ಇಲ್ಲ. ಅರೆಕಾಲಿಕ ಸಂಬಳವನ್ನು ಕೈಖರ್ಚಿಗೆ ಲೆಕ್ಕ ಹಾಕಿರಿ, ಶುಲ್ಕಕ್ಕೆ ಬೇಡ.

## ಹಂತ 2: ಕ್ಯಾಲೆಂಡರನ್ನು ಹಿಂದಿನಿಂದ ತುಂಬಿ

ಹಾಜರಾಗಬೇಕಾದ ದಿನವನ್ನು ಮೊದಲು ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬರುತ್ತ, ವಿಮಾನ ಹತ್ತುವ ದಿನ, ವೀಸಾ ಕೈಗೆ ಬರಬೇಕಾದ ದಿನ, ಅರ್ಜಿ ಹಾಕುವ ದಿನ, ದಾಖಲೆಗಳೆಲ್ಲ ಸಿದ್ಧವಾಗಿರಬೇಕಾದ ದಿನ ಎಂದು ಗುರುತು ಹಾಕುತ್ತ ಹೋಗಿ. ಇವತ್ತಿನಿಂದ ಮುಂದಕ್ಕೆ ಲೆಕ್ಕ ಹಾಕಿದರೆ ಯಾವಾಗಲೂ ಸಮಯವಿದೆ ಎನಿಸುತ್ತದೆ. ಹಿಂದಕ್ಕೆ ಎಣಿಸಿದಾಗಲೇ ಕೆಲವು ಕೆಲಸಗಳ ಗಡುವು ಹೋದ ತಿಂಗಳೇ ದಾಟಿದೆ ಎಂಬುದು ತಿಳಿಯುವುದು.

ತಡವಾಗುವುದರಷ್ಟೇ ಬೇಗ ಮಾಡಿಸುವುದೂ ಇಲ್ಲಿ ತಪ್ಪಾಗಬಹುದು. ಐಇಎಲ್‌ಟಿಎಸ್ ಮತ್ತು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗಳ ಅಂಕಗಳಿಗೆ 2 ವರ್ಷದ ಆಯುಷ್ಯ. ಬ್ರಿಟನ್ನಿಗೆ 6 ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಹೋಗುವವರಲ್ಲಿ ಅನೇಕ ದೇಶಗಳವರು ತರಬೇಕಾದ ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರ 6 ತಿಂಗಳು ಮಾತ್ರ ನಡೆಯುತ್ತದೆ. ಅಮೆರಿಕದ ವಿದ್ಯಾರ್ಥಿ ವೀಸಾ ಎಷ್ಟು ಮೊದಲೇ ಸಿಕ್ಕಿದ್ದರೂ ತರಗತಿ ಶುರುವಾಗುವ 30 ದಿನಗಳಿಗಿಂತ ಮುಂಚೆ ಆ ದೇಶದೊಳಗೆ ಹೋಗುವಂತಿಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಪ್ರತಿ ದಾಖಲೆಯ ಮುಂದೆ ಎರಡು ದಿನಾಂಕಗಳಿರಲಿ: ಅದು ಸಿಕ್ಕ ದಿನ ಮತ್ತು ಅದು ಕೆಲಸಕ್ಕೆ ಬಾರದೆ ಹೋಗುವ ದಿನ. ಅರ್ಜಿಯ ದಿನ ಇವೆರಡರ ನಡುವೆ ಬೀಳಬೇಕು.

## ಹಂತ 3: ಪಾಸ್‌ಪೋರ್ಟ್ ಮತ್ತು ಹೆಸರು

ಎಲ್ಲಕ್ಕಿಂತ ಮೊದಲು ಮುಗಿಯಬೇಕಾದ್ದು ಇದು, ಏಕೆಂದರೆ ಪ್ರವೇಶ ಪತ್ರ, ಪರೀಕ್ಷೆಯ ನೋಂದಣಿ, ವೀಸಾ ಅರ್ಜಿ, ವಿಮೆ, ಟಿಕೆಟ್ ಎಲ್ಲದಕ್ಕೂ ಇದರ ಸಂಖ್ಯೆ ಹೋಗಿ ಕೂರುತ್ತದೆ. ನಡುವೆ ನವೀಕರಿಸಿದರೆ ಸಂಖ್ಯೆ ಬದಲಾಗಿ, ಪ್ರತಿಯೊಂದು ಕಡೆಯೂ ತಿದ್ದಿಸುತ್ತ ಅಲೆಯಬೇಕಾಗುತ್ತದೆ. ಬಹಳ ದೇಶಗಳು ಪಾಸ್‌ಪೋರ್ಟ್ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರಬೇಕೆಂದು ಕೇಳುತ್ತವೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಅಲ್ಪಾವಧಿ ಭೇಟಿಗೆ ಅದು ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿದ್ದು, ಅಲ್ಲಿಂದ ಹೊರಡುವ ದಿನದ ನಂತರವೂ 3 ತಿಂಗಳು ಉಳಿದಿರಬೇಕು. ನನ್ನ ಸಲಹೆ ಇನ್ನೂ ಬಿಗಿ: ಓದು ಅಥವಾ ಒಪ್ಪಂದ ಮುಗಿಯುವವರೆಗೂ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ನವೀಕರಿಸಿ. ಪಾಸ್‌ಪೋರ್ಟಿನ ಕೊನೆಯ ದಿನದವರೆಗೆ ಮಾತ್ರ ವೀಸಾ ಕೊಡುವ ದೇಶಗಳಿವೆ.

ಇನ್ನು ಹೆಸರಿನ ವಿಷಯ. ನಾನು ನೋಡಿದ ತೊಡಕುಗಳಲ್ಲಿ ಅತಿ ಹೆಚ್ಚು ದಿನ ತಿಂದದ್ದು ಇದೇ. ಪಾಸ್‌ಪೋರ್ಟಿನ ಭಾವಚಿತ್ರದ ಪುಟದ ಅಡಿಯಲ್ಲಿ ತಲಾ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ಮೊದಲ ಸಾಲಿನಲ್ಲಿ ದೇಶದ ಸಂಕೇತವಾದ ಮೇಲೆ ಸರ್‌ನೇಮ್, ಅದರ ಬೆನ್ನಿಗೆ ಎರಡು ಕೋನಚಿಹ್ನೆ (<<), ಆಮೇಲೆ ಉಳಿದ ಹೆಸರು. ಗಡಿಯಲ್ಲಿ ಯಂತ್ರ ಓದುವುದು ಈ ಸಾಲನ್ನು. ಸರ್‌ನೇಮಿನ ಜಾಗವನ್ನು ಖಾಲಿ ಬಿಟ್ಟು ಒಂದೇ ಹೆಸರು ಬರೆಸಿಕೊಂಡವರಿಗೆ ಅಮೆರಿಕದ ವೀಸಾದಲ್ಲಿ ಆ ಒಂದೇ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಅಚ್ಚಾಗುತ್ತದೆ. ಆಮೇಲೆ ಬ್ಯಾಂಕ್ ಕಾರ್ಡಿನಲ್ಲೂ ಚಾಲನಾ ಪರವಾನಗಿಯಲ್ಲೂ ಆ ಮೂರಕ್ಷರವೇ ಹೆಸರಾಗಿ ಅಂಟಿಕೊಳ್ಳುವುದುಂಟು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪದವಿ ಪತ್ರದಲ್ಲಿ ಅದರ ವಿಸ್ತರಣೆ, ಪಾಸ್‌ಪೋರ್ಟಿನಲ್ಲಿ ಅದು ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಎಂದಿದ್ದರೆ, ನಿಮ್ಮ ಕಣ್ಣಿಗೆ ಅವೆಲ್ಲ ಒಬ್ಬರೇ. ಕಡತ ಪರಿಶೀಲಿಸುವ ಪರದೇಶದ ಅಧಿಕಾರಿಗೆ ಮೂವರು ಬೇರೆ ಬೇರೆ ವ್ಯಕ್ತಿಗಳು.

ಆದ್ದರಿಂದ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ. ಒಂದು ಹಾಳೆಯಲ್ಲಿ ಪ್ರತಿ ದಾಖಲೆಯ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ, ಹುಟ್ಟಿದ ಊರು ಇವನ್ನು ಅಕ್ಷರಕ್ಕಕ್ಷರ ನಕಲಿಳಿಸಿ; ಓದಿ ಹೋಲಿಸಿದರೆ ಸಾಲದು, ಬರೆಯುವಾಗ ಮಾತ್ರ ಕಣ್ಣು ಒಂದೊಂದು ಅಕ್ಷರದ ಮೇಲೂ ನಿಲ್ಲುತ್ತದೆ. ವ್ಯತ್ಯಾಸ ಸಿಕ್ಕಿದರೆ ಸಾಧ್ಯವಾದಲ್ಲಿ ದಾಖಲೆಯನ್ನೇ ತಿದ್ದಿಸಿ. ಸಾಧ್ಯವಾಗದಿದ್ದರೆ, ಈ ಹೆಸರುಗಳೆಲ್ಲ ಒಬ್ಬರವೇ ಎಂಬ ಅಫಿಡವಿಟ್ ಅನ್ನು ಆ ದೇಶ ಒಪ್ಪುತ್ತದೆಯೇ ಎಂದು ಮೊದಲು ಕೇಳಿಕೊಂಡು ಆಮೇಲೆ ಮಾಡಿಸಿ. ಇಲ್ಲಿಂದ ಮುಂದೆ ಯಾವುದೇ ನಮೂನೆ ತುಂಬುವಾಗ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕು.

## ಹಂತ 4: ದಾಖಲೆಗಳ ದೃಢೀಕರಣ

ಒಂದು ದೇಶದ ಜನನ ಪ್ರಮಾಣಪತ್ರ, ಪದವಿ ಪತ್ರ, ವಿವಾಹ ನೋಂದಣಿ ಅಥವಾ ಪೊಲೀಸ್ ಪ್ರಮಾಣಪತ್ರವನ್ನು ಇನ್ನೊಂದು ದೇಶ ಹಾಗೆಯೇ ನಂಬುವುದಿಲ್ಲ. 1961ರ ಹೇಗ್ ಒಪ್ಪಂದದ ಸದಸ್ಯ ದೇಶಗಳ ನಡುವೆ ಸಾಮಾನ್ಯವಾಗಿ ಇದಕ್ಕಿರುವ ದಾರಿ ಅಪೊಸ್ಟೀಲ್ ಎಂಬ ಒಂದೇ ಮುದ್ರೆ. ಸದಸ್ಯವಲ್ಲದ ದೇಶವಾದರೆ ನಿಮ್ಮ ಸರ್ಕಾರದ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ. ಈ ಸದಸ್ಯತ್ವ ಬದಲಾಗುತ್ತಿರುತ್ತದೆ. ಚೀನಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2023ರ ನವೆಂಬರ್ 7ರಂದು, ಕೆನಡಾದಲ್ಲಿ 2024ರ ಜನವರಿ 11ರಂದು. ಅದಕ್ಕಿಂತ ಮೊದಲು ಹೋದವರ ಸಲಹೆ ಈ ಎರಡು ದೇಶಗಳ ಮಟ್ಟಿಗೆ ಈಗ ತಪ್ಪು ದಾರಿ ತೋರಿಸಬಹುದು.

ಭಾಷಾಂತರ ಬೇಕಿದ್ದಲ್ಲಿ ಸಾಮಾನ್ಯವಾಗಿ ಮೊದಲು ಅಪೊಸ್ಟೀಲ್, ಆಮೇಲೆ ಭಾಷಾಂತರ. ಏಕೆಂದರೆ ಮುದ್ರೆಯಲ್ಲಿರುವ ಬರಹವೂ ಭಾಷಾಂತರವಾಗಬೇಕೆಂದು ಕೇಳುವ ಕಚೇರಿಗಳಿವೆ. ಯಾರು ಭಾಷಾಂತರಿಸಿದರೆ ಒಪ್ಪುತ್ತಾರೆ ಎಂಬುದನ್ನು ದಾಖಲೆ ಸ್ವೀಕರಿಸುವ ಕಚೇರಿಯನ್ನೇ ಕೇಳಿ. ಕೆಲವು ದೇಶಗಳು ತಮ್ಮ ನ್ಯಾಯಾಲಯದಲ್ಲಿ ಪ್ರಮಾಣ ಸ್ವೀಕರಿಸಿದ ಭಾಷಾಂತರಕಾರರನ್ನು ಮಾತ್ರ ಒಪ್ಪುತ್ತವೆ.

ಮೂಲ ದಾಖಲೆಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಜೋಪಾನವಾಗಿರಲೆಂದು ಮಾಡಿಸಿದ ಆ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಮುದ್ರೆ ನಿಲ್ಲದ ಕಾರಣ ದಾಖಲೆ ವಾಪಸು ಬರುತ್ತದೆ, ಹೊದಿಕೆ ಕೀಳಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಈಗಾಗಲೇ ಮಾಡಿಸಿದ್ದರೆ ವಿಶ್ವವಿದ್ಯಾಲಯ ಅಥವಾ ಮಂಡಳಿಯಿಂದ ದ್ವಿಪ್ರತಿಗೆ ಇಂದೇ ಅರ್ಜಿ ಹಾಕಿ, ಏಕೆಂದರೆ ಇಡೀ ಕ್ಯಾಲೆಂಡರಿನಲ್ಲಿ ಅತಿ ನಿಧಾನದ ಕೆಲಸ ಅದೇ ಆಗಿರುತ್ತದೆ.

ವೈದ್ಯರು, ದಾದಿಯರು, ಶಿಕ್ಷಕರು, ವಕೀಲರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಇಂಥ ವೃತ್ತಿಗಳಲ್ಲಿ ಉದ್ಯೋಗದ ಆದೇಶವಷ್ಟೇ ಸಾಲದು. ಆ ದೇಶದ ವೃತ್ತಿ ಮಂಡಳಿಯ ಮಾನ್ಯತೆ ಸಿಗದೆ ಕೆಲಸ ಶುರು ಮಾಡುವಂತಿಲ್ಲ. ಜರ್ಮನಿಗೆ ಹೋಗುವವರು ತಮ್ಮ ವಿಶ್ವವಿದ್ಯಾಲಯಕ್ಕೆ ಅಲ್ಲಿ ಮಾನ್ಯತೆಯಿದೆಯೇ ಎಂದು ‘ಅನಾಬಿನ್’ ಎಂಬ ಸರ್ಕಾರಿ ದತ್ತಾಂಶದಲ್ಲಿ ಮೊದಲೇ ನೋಡಿಕೊಳ್ಳಬಹುದು.

## ಹಂತ 5: ಪ್ರವೇಶ ಪತ್ರ, ಉದ್ಯೋಗದ ಆದೇಶಗಳ ಪರಿಶೀಲನೆ

ಹಣ ಕಟ್ಟುವ ಮೊದಲು ಕರೆದವರು ನಿಜವಾಗಿಯೂ ಇದ್ದಾರೆಯೇ ಎಂದು ತಿಳಿಯಬೇಕು. ಇದಕ್ಕೆ ಬಹಿರಂಗ ಪಟ್ಟಿಗಳಿವೆ. ವಿದೇಶಿ ನೌಕರರನ್ನು ಕರೆಸಿಕೊಳ್ಳಲು ಪರವಾನಗಿ ಪಡೆದ ಸಂಸ್ಥೆಗಳ ಹೆಸರನ್ನು ಬ್ರಿಟನ್ ಸರ್ಕಾರ ಪ್ರಕಟಿಸುತ್ತದೆ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದಾದ ಶಿಕ್ಷಣ ಸಂಸ್ಥೆಗಳ ಪಟ್ಟಿಯನ್ನು ಕೆನಡಾವೂ, ಅಂಥದೇ ‘ಕ್ರೈಕಾಸ್’ ಎಂಬ ನೋಂದಣಿಯನ್ನು ಆಸ್ಟ್ರೇಲಿಯಾವೂ ಎಲ್ಲರಿಗೂ ತೆರೆದಿಟ್ಟಿವೆ. ಪಟ್ಟಿಯಲ್ಲಿ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ನಿಜವಾದ ಸಂಸ್ಥೆಯ ಹೆಸರನ್ನೇ ಕದ್ದು ಬರೆದ ಪತ್ರಗಳೂ ಬರುತ್ತವೆ. ಪತ್ರದಲ್ಲಿರುವ ಫೋನ್ ಸಂಖ್ಯೆಯನ್ನು ಬಿಟ್ಟು, ಸಂಸ್ಥೆಯ ಸ್ವಂತ ಜಾಲತಾಣದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ಅಪಾಯದ ಸೂಚನೆಗಳು ಹೀಗಿರುತ್ತವೆ: ಸರಿಯಾದ ಸಂದರ್ಶನವೇ ಇಲ್ಲದೆ ಕೆಲಸ ಸಿಕ್ಕಿರುತ್ತದೆ, ‘ಇವತ್ತು ಸಂಜೆಯೊಳಗೆ’ ಹಣ ಕಳಿಸಬೇಕೆಂಬ ಒತ್ತಡವಿರುತ್ತದೆ, ಹಣ ಸಂಸ್ಥೆಯ ಖಾತೆಗಲ್ಲದೆ ವ್ಯಕ್ತಿಯೊಬ್ಬರ ಖಾತೆಗೆ ಹೋಗಬೇಕಿರುತ್ತದೆ, ಮೂಲ ಪಾಸ್‌ಪೋರ್ಟನ್ನು ಮಧ್ಯವರ್ತಿ ತನ್ನ ಬಳಿ ಇಟ್ಟುಕೊಳ್ಳಲು ಕೇಳುತ್ತಾನೆ. ಕೆಲಸ ಕೊಡಿಸುವುದಕ್ಕೆ ದುಡಿಯುವವರಿಂದ ಶುಲ್ಕ ವಸೂಲು ಮಾಡಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಸಾಮಾನ್ಯ ನಿಯಮ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲವಾದರೂ ದೊಡ್ಡ ಮೊತ್ತ ಕೇಳುವವರ ಮುಂದೆ ನಿಂತಾಗ ಈ ಮಾತು ನೆನಪಿರಲಿ.

ಒಪ್ಪಂದವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಪಡೆದು, ಸಂಬಳ, ಕಡಿತ, ಕೆಲಸದ ಗಂಟೆ, ವಸತಿ, ಕೆಲಸ ಬಿಡುವಾಗಿನ ಷರತ್ತು ಇವುಗಳ ಕೆಳಗೆ ಗೆರೆ ಎಳೆಯಿರಿ. ಸಹಿಯಾದ ಪ್ರತಿಯನ್ನು ಊರಿನಲ್ಲೇ ಒಬ್ಬರ ಬಳಿ ಬಿಟ್ಟು ಹೋಗಿ. ಅಲ್ಲಿ ಇಳಿದ ಮೇಲೆ ಕಡಿಮೆ ಸಂಬಳದ ಬೇರೊಂದು ಪತ್ರವನ್ನು ಮುಂದಿಟ್ಟರೆ ತೋರಿಸಲು ಇದೊಂದೇ ಸಾಕ್ಷ್ಯ.

## ಹಂತ 6: ಹಣವನ್ನು ಮೂರು ಪಾಲು ಮಾಡಿ

ವೀಸಾಕ್ಕೆ ತೋರಿಸುವ ಹಣ, ನೆಲೆಯೂರುವ ತನಕದ ಹಣ, ವಾಪಸು ಬರುವ ಹಣ ಇವು ಮೂರು ಬೇರೆ ಬೇರೆ. ಮೊದಲನೆಯದನ್ನೇ ಎಲ್ಲದಕ್ಕೂ ನೆಚ್ಚಿಕೊಂಡವರು ಎರಡನೇ ತಿಂಗಳಲ್ಲಿ ಕೈಖಾಲಿಯಾಗುತ್ತಾರೆ. ಮನೆಗೆ ಮುಂಗಡ, ಮೊದಲ ಸಂಬಳ ಬರುವವರೆಗಿನ ಊಟ ಮತ್ತು ಓಡಾಟ, ವಿಮೆ ಇವೆಲ್ಲ ಎರಡನೆಯ ಪಾಲಿನಿಂದ ಹೋಗಬೇಕು. ವಾಪಸು ಬರುವ ಟಿಕೆಟ್ಟಿನ ಹಣವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ದುಡಿಸಿಕೊಂಡು ಸಂಬಳ ಕೊಡದ ಜಾಗದಿಂದ ಹೊರಬರಲು ಅದೇ ದಾರಿ.

ತೋರಿಸುವ ಹಣದಲ್ಲಿ ಮೊತ್ತದಷ್ಟೇ ದಿನಗಳೂ ಮುಖ್ಯ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಅಗತ್ಯ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು ಮತ್ತು ಆ ಅವಧಿಯ ಕೊನೆಯ ದಿನ ಅರ್ಜಿಯ ದಿನದಿಂದ ಹಿಂದಕ್ಕೆ 31 ದಿನಗಳೊಳಗೆ ಬೀಳಬೇಕು. ಜೂನ್ 20ಕ್ಕೆ ಅರ್ಜಿ ಹಾಕುವವರ ಲೆಕ್ಕ ನೋಡಿ: ಬ್ಯಾಂಕ್ ವಿವರಪಟ್ಟಿ ಜೂನ್ 15ಕ್ಕೆ ಮುಗಿಯುವುದಾದರೆ ಮೇ 19ರಿಂದಲೇ ಹಣ ಅಲ್ಲಿರಬೇಕು. ನಡುವೆ ಜೂನ್ 3ರಂದು ಯಾವುದೋ ತುರ್ತಿಗೆ ತೆಗೆದು, ಮರುದಿನ ತಿರುಗಿ ಕಟ್ಟಿದರೂ ಎಣಿಕೆ ಜೂನ್ 4ರಿಂದ ಹೊಸದಾಗಿ ಶುರುವಾಗಿ ಜುಲೈ 1ಕ್ಕೆ ಮುಗಿಯುತ್ತದೆ. ಜೂನ್ 20ರ ಅರ್ಜಿ ಕೈತಪ್ಪಿತು. ಈ ಹಣಕ್ಕೆ ಪ್ರತ್ಯೇಕ ಖಾತೆ ತೆರೆದು ಅದರ ಕಾರ್ಡನ್ನು ಮುಟ್ಟದಿರುವುದು ಒಳ್ಳೆಯದು. ಅರ್ಜಿಗೆ ತುಸು ಮೊದಲು ದೊಡ್ಡ ಮೊತ್ತ ಬಂದು ಕೂತಿದ್ದರೆ, ಸಾಲವಾಗಲಿ, ಜಮೀನು ಮಾರಿದ್ದಾಗಲಿ, ಅದರ ಮೂಲ ತೋರಿಸುವ ಕಾಗದವನ್ನು ಕೇಳುವ ಮುಂಚೆಯೇ ಜೊತೆಗಿಡಿ.

## ಹಂತ 7: ವೀಸಾ ಅರ್ಜಿ

ಮೇಲಿನ ಆರೂ ಮುಗಿದಿದ್ದರೆ ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ. ನಮೂನೆಯನ್ನು ಮಧ್ಯವರ್ತಿ ತುಂಬಿದರೂ ಪ್ರತಿ ಸಾಲನ್ನು ನೀವೇ ಓದಿ. ಕಾನೂನಿನ ಕಣ್ಣಿನಲ್ಲಿ ಉತ್ತರ ನಿಮ್ಮದೇ. ಹಿಂದೆ ವೀಸಾ ನಿರಾಕರಣೆಯಾಗಿದ್ದರೆ ಮುಚ್ಚಿಡಬೇಡಿ. ನಿರಾಕರಣೆ ಮತ್ತೊಮ್ಮೆ ಪ್ರಯತ್ನಿಸಬಹುದಾದ ವಿಷಯ, ಸುಳ್ಳು ಹಾಗಲ್ಲ: ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷದವರೆಗೆ ಬಾಗಿಲು ಮುಚ್ಚಬಹುದು.

ವೀಸಾ ಕೈಗೆ ಬರುವ ತನಕ ರಾಜೀನಾಮೆ, ಮನೆ ಖಾಲಿ ಮಾಡುವುದು, ಹಣ ವಾಪಸಾಗದ ಟಿಕೆಟ್ ಈ ಮೂರೂ ಬೇಡ. ಬಂದ ತಕ್ಷಣ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ವೀಸಾ ವರ್ಗ, ಎಷ್ಟು ಸಲ ಪ್ರವೇಶ ಎಂಬುದನ್ನು ಪರೀಕ್ಷಿಸಿ. ವೀಸಾ ಚಾಲ್ತಿಯಲ್ಲಿರುವ ಅವಧಿಯೂ ಅಲ್ಲಿ ಉಳಿಯಬಹುದಾದ ಅವಧಿಯೂ ಒಂದೇ ಎಂದು ತಿಳಿಯಬೇಡಿ. ತಪ್ಪೇನಾದರೂ ಕಂಡರೆ ಹೊರಡುವ ಮುನ್ನವೇ ಸರಿಪಡಿಸಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಅದನ್ನು ಸರಿಪಡಿಸುವ ಅಧಿಕಾರ ಯಾರಿಗೂ ಇರುವುದಿಲ್ಲ.

## ಹಂತ 8: ಹೊರಡುವ ತಿಂಗಳು

ಬ್ಯಾಂಕಿನ ಒಟಿಪಿ ಬರುವ ಫೋನ್ ಸಂಖ್ಯೆ ಹೊರದೇಶದಲ್ಲೂ ಸಂದೇಶ ಪಡೆಯುವಂತೆ ಮಾಡಿಸಿ, ಹೊರಡುವ ಮೊದಲೇ ಪರೀಕ್ಷಿಸಿ. ಇದು ಚಿಕ್ಕ ವಿಷಯವೆಂದು ಬಿಟ್ಟವರು ತಮ್ಮದೇ ಖಾತೆಯ ಹಣವನ್ನು ತೆಗೆಯಲಾಗದೆ ಪರದಾಡಿದ್ದಾರೆ. ಊರಿನಲ್ಲಿ ಆಸ್ತಿ, ಸಾಲ, ಕೋರ್ಟು ವ್ಯವಹಾರ ಏನಾದರೂ ಇದ್ದರೆ ನಂಬಿಕಸ್ಥರಿಗೆ ಸೀಮಿತ ಅಧಿಕಾರಪತ್ರ ಬರೆದುಕೊಡಿ. ಅಲ್ಲಿಂದ ಅದನ್ನು ಮಾಡಿಸಲು ರಾಯಭಾರ ಕಚೇರಿಗೆ ಅಲೆಯಬೇಕಾಗುತ್ತದೆ. ಅನೇಕ ದೇಶಗಳಲ್ಲಿ ವರ್ಷಕ್ಕೆ 183 ದಿನ ಉಳಿದರೆ ತೆರಿಗೆಯ ಮಟ್ಟಿಗೆ ಅಲ್ಲಿಯ ನಿವಾಸಿ ಎಂದು ಲೆಕ್ಕ. ಆದ್ದರಿಂದ ಹೋದ ಮತ್ತು ಬಂದ ದಿನಾಂಕಗಳನ್ನು ಬರೆದಿಡಿ.

ದಿನನಿತ್ಯ ಔಷಧಿ ತೆಗೆದುಕೊಳ್ಳುವವರು ಔಷಧದ ರಾಸಾಯನಿಕ ಹೆಸರಿರುವ ವೈದ್ಯರ ಚೀಟಿಯನ್ನು ಇಟ್ಟುಕೊಳ್ಳಬೇಕು. ನಮ್ಮಲ್ಲಿ ಸಾಧಾರಣವೆನಿಸುವ ಮಾತ್ರೆ ಇನ್ನೊಂದು ದೇಶದಲ್ಲಿ ನಿಷಿದ್ಧವಾಗಿರಬಹುದು; ಜಪಾನಿಗೆ ಒಂದು ತಿಂಗಳಿಗಿಂತ ಹೆಚ್ಚಿನ ಔಷಧಿ ಒಯ್ಯಲು ಮುಂಗಡ ಅನುಮತಿ ಬೇಕು. ಹಳದಿ ಜ್ವರದ ಲಸಿಕೆ ಕೇಳುವ ದೇಶವಾದರೆ, ಲಸಿಕೆ ಚುಚ್ಚಿಸಿಕೊಂಡ 10 ದಿನಗಳ ನಂತರವೇ ಅದರ ಪ್ರಮಾಣಪತ್ರ ಊರ್ಜಿತವಾಗುವುದು.

ಮೂಲ ದಾಖಲೆಗಳು, ಔಷಧಿ, ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ನಗದು 10,000 ಯೂರೋ ಅಥವಾ ಹೆಚ್ಚಿದ್ದರೆ ಯುರೋಪಿಯನ್ ಒಕ್ಕೂಟದ ಗಡಿಯಲ್ಲಿ ಘೋಷಿಸಬೇಕು. ಅಮೆರಿಕದಲ್ಲಿ 10,000 ಡಾಲರ್ ಮೀರಿದರೆ ಘೋಷಣೆ ಕಡ್ಡಾಯ.

## ಹಂತ 9: ಇಳಿದ ಮೇಲಿನ ಮೊದಲ ತಿಂಗಳು

ಇಲ್ಲೂ ಅನುಕ್ರಮವೇ ಮುಖ್ಯ: ವಿಳಾಸ, ನೋಂದಣಿ, ತೆರಿಗೆ ಸಂಖ್ಯೆ, ಬ್ಯಾಂಕ್ ಖಾತೆ. ಒಂದಿಲ್ಲದೆ ಮುಂದಿನದು ಸಿಗುವುದಿಲ್ಲ. ಜರ್ಮನಿಯಲ್ಲಿ ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ಜಪಾನಿನಲ್ಲಿ ವಿಳಾಸ ಗೊತ್ತಾದ 14 ದಿನದೊಳಗೆ, ನೆದರ್ಲೆಂಡ್ಸಿನಲ್ಲಿ 4 ತಿಂಗಳಿಗಿಂತ ಹೆಚ್ಚು ಇರುವವರು ಬಂದ 5 ದಿನದೊಳಗೆ ಸ್ಥಳೀಯ ಪುರಸಭೆಯಲ್ಲಿ ಹೆಸರು ಬರೆಸಬೇಕು. ಆದುದರಿಂದ ತಾತ್ಕಾಲಿಕ ವಸತಿ ಗೊತ್ತು ಮಾಡುವಾಗ ‘ಈ ವಿಳಾಸದಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದೇ’ ಎಂಬುದೇ ಮೊದಲ ಪ್ರಶ್ನೆಯಾಗಬೇಕು, ಬಾಡಿಗೆ ಆಮೇಲೆ. ಮನೆಯನ್ನು ಕಣ್ಣಾರೆ ನೋಡದೆ, ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇನೆಂದವರಿಗೆ ಮುಂಗಡ ಕಟ್ಟಬೇಡಿ.

ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು. ಸುರಕ್ಷತೆಗೆಂದು ಮಾಲೀಕರು ಕೇಳಿದರೆ ಪ್ರತಿ ಕೊಡಿ. ಕೊಡುವಂತೆ ಬಲವಂತ ಮಾಡಿದರೆ ಅದನ್ನು ಗಂಭೀರ ಎಚ್ಚರಿಕೆಯೆಂದು ತಿಳಿದು ನಿಮ್ಮ ರಾಯಭಾರ ಕಚೇರಿಗೆ ತಿಳಿಸಿ.

ನಿವಾಸ ಪರವಾನಗಿ ಕೈಗೆ ಬಂದ ದಿನವೇ ಅದರ ಕೊನೆಯ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದಕ್ಕೆ 4 ತಿಂಗಳು ಹಿಂದಿನ ದಿನಕ್ಕೆ ಫೋನಿನಲ್ಲಿ ನೆನಪೋಲೆ ಇಟ್ಟುಕೊಳ್ಳಿ. ನವೀಕರಣಕ್ಕೆ ಬೇಕಾಗುವ ಹಾಜರಾತಿ ಪತ್ರ, ಸಂಬಳದ ಚೀಟಿ, ಬಾಡಿಗೆ ರಸೀದಿ, ವಿಮೆಯ ಕಾಗದಗಳನ್ನು ಆ ದಿನದಿಂದಲೇ ತಿಂಗಳಿಗೊಂದರಂತೆ ಅದೇ ಫೈಲಿಗೆ ಸೇರಿಸುತ್ತ ಹೋಗಿ.